ಸ್ವಚ್ಛ ವಾಹಿನಿಯ ಡ್ಯಾಶ್‌ಬೋರ್ಡ್: ಎಚ್ಚರಿಕೆ ದೀಪ ಹಾಗೂ ಮಾಪಕಗಳ ವಿದ್ಯುತ್ ದೋಷವನ್ನು ಗುರುತಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪೀಠಿಕೆ



ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯು ಇಂದು ಗ್ರಾಮ ಪಂಚಾಯತಿಯ ಮುಖ್ಯ ಆಸ್ತಿಗಳಲ್ಲಿ ಒಂದಾಗಿದೆ. ಅನೇಕ ಪಂಚಾಯತಿಗಳಲ್ಲಿ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಚಾಲನಾ ತರಬೇತಿ ಪಡೆದು ಈ ವಾಹನವನ್ನು ನಡೆಸುತ್ತಿದ್ದಾರೆ. ವಾಹನವು ಒಂದು ವಾರ ನಿಂತರೆ ಊರಿನ ಕಸವು ಪುನಃ ಚರಂಡಿಗೂ ಕೆರೆಯಂಗಳಕ್ಕೂ ಸೇರುತ್ತದೆ. ದುರಸ್ತಿಯ ಬಿಲ್ಲು ಸಭೆಯ ಮುಂದೆ ಬಂದಾಗ ಅದು ನ್ಯಾಯವೋ ಅನ್ಯಾಯವೋ ಎಂದು ಹೇಳಬಲ್ಲವರು ಸಭೆಯಲ್ಲಿ ವಿರಳ.

ವಾಹನದ ದೋಷಗಳಲ್ಲಿ ಬಹುಪಾಲು ಮೊದಲು ಕಾಣಿಸಿಕೊಳ್ಳುವುದು ಚಾಲಕರ ಎದುರಿನ ಡ್ಯಾಶ್‌ಬೋರ್ಡಿನಲ್ಲಿ. ಅಲ್ಲಿ ಹೊತ್ತುವ ಪ್ರತಿಯೊಂದು ದೀಪಕ್ಕೂ ಎರಡು ಅರ್ಥಗಳಿರಬಹುದು. ಎಂಜಿನ್ನಿನಲ್ಲಿ ನಿಜವಾಗಿಯೂ ಕೇಡು ಇರಬಹುದು; ಅಥವಾ ಕೇಡನ್ನು ತಿಳಿಸುವ ತಂತಿ, ಸ್ವಿಚ್ಚು, ಫ್ಯೂಸುಗಳಲ್ಲೇ ದೋಷವಿರಬಹುದು. ಮೊದಲನೆಯದನ್ನು ಎರಡನೆಯದೆಂದು ತಿಳಿದರೆ ಎಂಜಿನ್ ಹಾಳಾಗುತ್ತದೆ. ಎರಡನೆಯದನ್ನು ಮೊದಲನೆಯದೆಂದು ತಿಳಿದರೆ ಪಂಚಾಯತಿಯ ಹಣ ವ್ಯರ್ಥವಾಗುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

2. ಪಾಠದ ಉದ್ದೇಶ

ಸದಸ್ಯರನ್ನು ಮೆಕ್ಯಾನಿಕ್ ಮಾಡುವುದು ಈ ಪಾಠದ ಉದ್ದೇಶವಲ್ಲ. ಇದನ್ನು ಓದಿದ ಬಳಿಕ ಸದಸ್ಯರು ಕೆಳಕಂಡ ನಾಲ್ಕು ವಿಷಯಗಳಲ್ಲಿ ಸ್ವಂತ ತಿಳಿವಳಿಕೆಯಿಂದ ಮಾತನಾಡುವಂತಾಗಬೇಕು:

ಅ) ಯಾವ ದೀಪ ಹೊತ್ತಿದರೆ ವಾಹನವನ್ನು ತಕ್ಷಣ ನಿಲ್ಲಿಸಬೇಕು, ಯಾವುದಕ್ಕೆ ಕೆಲಸ ಮುಗಿಸಿ ಗ್ಯಾರೇಜಿಗೆ ಹೋಗಬಹುದು.
ಆ) ದೋಷವು ಎಂಜಿನ್ನಿನದೋ, ವಿದ್ಯುತ್ ಮಾರ್ಗದ್ದೋ ಎಂದು ಸರಳ ಪರೀಕ್ಷೆಗಳಿಂದ ತಿಳಿಯುವುದು ಹೇಗೆ.
ಇ) ದುರಸ್ತಿ ಬಿಲ್ಲನ್ನು ಅಂಗೀಕರಿಸುವ ಮುನ್ನ ಯಾವ ಪ್ರಶ್ನೆಗಳನ್ನು ಕೇಳಬೇಕು.
ಈ) ಲಾಗ್ ಪುಸ್ತಕಕ್ಕೂ ಡ್ಯಾಶ್‌ಬೋರ್ಡಿನ ಮಾಪಕಗಳಿಗೂ ಇರುವ ಸಂಬಂಧವೇನು.

3. ದೀಪದ ಬಣ್ಣ

ಡ್ಯಾಶ್‌ಬೋರ್ಡಿನ ದೀಪಗಳ ಬಣ್ಣವು ಅಲಂಕಾರಕ್ಕಾಗಿ ಇರುವುದಲ್ಲ. ತಯಾರಕರು ಬೇರೆ ಬೇರೆಯಾದರೂ ಬಣ್ಣದ ಅರ್ಥ ಹೆಚ್ಚುಕಡಿಮೆ ಒಂದೇ.

ಕೆಂಪು: ಅಪಾಯ. ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ನಿಲ್ಲಿಸತಕ್ಕದ್ದು. ಎಂಜಿನ್ ಆಯಿಲ್ ಒತ್ತಡ, ಬ್ರೇಕ್, ಎಂಜಿನ್ ಶಾಖ, ಬ್ಯಾಟರಿ ಚಾರ್ಜಿಂಗ್ ದೀಪಗಳು ಈ ವರ್ಗಕ್ಕೆ ಸೇರಿದವು.

ಹಳದಿ ಅಥವಾ ಕಿತ್ತಳೆ: ಗಮನ ಅಗತ್ಯ. ವಾಹನ ಸಾಗಬಹುದು, ಆದರೆ ಬೇಗನೆ ತಪಾಸಣೆ ಮಾಡಿಸಬೇಕು. ಎಂಜಿನ್ ಚಿತ್ರದ ದೀಪ, ಇಂಧನ ಕಡಿಮೆಯಾಗಿರುವ ದೀಪ, ಡೀಸೆಲ್ ವಾಹನಗಳ ಸುರುಳಿ ಚಿತ್ರದ ದೀಪ ಇದಕ್ಕೆ ಉದಾಹರಣೆ. ಸುರುಳಿ ಚಿತ್ರದ ದೀಪವು ಸ್ಟಾರ್ಟ್ ಮಾಡುವ ಮೊದಲು ಕೆಲವು ಕ್ಷಣ ಹೊತ್ತಿ ಆರುವುದು ಸಹಜ. ಅದು ಎಂಜಿನ್ ಬೆಚ್ಚಗಾಗುವುದನ್ನು ಸೂಚಿಸುತ್ತದೆ.

ಹಸಿರು ಮತ್ತು ನೀಲಿ: ಕೇವಲ ಮಾಹಿತಿ. ಇಂಡಿಕೇಟರ್, ಹೆಡ್‌ಲೈಟಿನ ಹೈ ಬೀಮ್ ಮುಂತಾದವು ಚಾಲನೆಯಲ್ಲಿವೆ ಎಂದಷ್ಟೇ ಇವು ಹೇಳುತ್ತವೆ.

4. ಕೀಲಿ ತಿರುಗಿಸಿದಾಗ ಮಾಡಬೇಕಾದ ಪರೀಕ್ಷೆ

ಇಡೀ ಪಾಠದಲ್ಲಿ ಒಂದೇ ಅಂಶವನ್ನು ನೆನಪಿಡಬೇಕೆಂದರೆ ಅದು ಇದು. ಪ್ರತಿದಿನ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಅಲ್ಲಿಯೇ ನಿಲ್ಲಿಸಬೇಕು. ಆಗ ಆಯಿಲ್, ಬ್ಯಾಟರಿ, ಎಂಜಿನ್ ಚಿತ್ರದ ದೀಪಗಳು ಹೊತ್ತಬೇಕು. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಬ್ರೇಕ್ ದೀಪವೂ ಹೊತ್ತಬೇಕು. ಎಂಜಿನ್ ಸ್ಟಾರ್ಟ್ ಆದ ಕೆಲವೇ ಕ್ಷಣಗಳಲ್ಲಿ ಇವು ಆರಬೇಕು. ಹ್ಯಾಂಡ್ ಬ್ರೇಕ್ ಇಳಿಸಿದಾಗ ಬ್ರೇಕ್ ದೀಪ ಆರಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ತಿಳಿವಳಿಕೆಯೊಂದಿದೆ. ದೀಪ ಹೊತ್ತದಿದ್ದರೆ ಎಲ್ಲವೂ ಸರಿಯಾಗಿದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ, ಕೀಲಿ ಆನ್ ಮಾಡಿದಾಗ ಹೊತ್ತಬೇಕಾದ ದೀಪ ಹೊತ್ತದಿರುವುದೇ ಒಂದು ದೋಷ. ಬಲ್ಬು ಸುಟ್ಟಿರಬಹುದು, ತಂತಿ ತುಂಡಾಗಿರಬಹುದು, ಇಲ್ಲವೇ ಕಿರಿಕಿರಿ ಎಂದು ಯಾರೋ ಬಲ್ಬನ್ನು ಕಿತ್ತಿರಬಹುದು. ಅಂತಹ ವಾಹನವು ಎಚ್ಚರಿಕೆ ಕೊಡಬೇಕಾದ ದಿನ ಮೌನವಾಗಿರುತ್ತದೆ. ಹಳೆಯ ಬಳಸಿದ ವಾಹನವನ್ನು ಬಾಡಿಗೆಗೆ ಪಡೆಯುವಾಗಲೂ ಈ ಪರೀಕ್ಷೆಯನ್ನು ಮೊದಲು ಮಾಡತಕ್ಕದ್ದು.

5. ಡ್ಯಾಶ್‌ಬೋರ್ಡಿನ ಹಿಂದಿನ ವಿದ್ಯುತ್ ಮಾರ್ಗ

ಸಣ್ಣ ಸರಕು ವಾಹನಗಳಲ್ಲಿ ಇರುವುದು 12 ವೋಲ್ಟ್ ಬ್ಯಾಟರಿ. ಅದರ ಪಾಸಿಟಿವ್ ತುದಿಯಿಂದ ಹೊರಟ ವಿದ್ಯುತ್ತು ಕೀಲಿಯ ಸ್ವಿಚ್ಚು ಮತ್ತು ಫ್ಯೂಸ್ ದಾಟಿ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಅಲ್ಲಿಂದ ಪ್ರತಿಯೊಂದು ದೀಪ ಅಥವಾ ಮಾಪಕದ ಮೂಲಕ ಹಾದು, ಎಂಜಿನ್, ಟ್ಯಾಂಕು, ಬ್ರೇಕುಗಳಲ್ಲಿರುವ ಸ್ವಿಚ್ಚು ಅಥವಾ ಸೆನ್ಸರ್ ತಲುಪಿ, ವಾಹನದ ಲೋಹದ ಮೈಯ ಮೂಲಕ ಬ್ಯಾಟರಿಯ ನೆಗೆಟಿವ್ ತುದಿಗೆ ಮರಳುತ್ತದೆ. ಈ ಮರಳುವ ದಾರಿಯನ್ನೇ ಅರ್ಥಿಂಗ್ ಎನ್ನುತ್ತಾರೆ.

ಹೊಲಕ್ಕೆ ನೀರು ಬರಲು ಕಾಲುವೆ ಬೇಕು. ಹೆಚ್ಚಾದ ನೀರು ಹೊರಹೋಗಲು ಬಸಿಗಾಲುವೆಯೂ ಬೇಕು. ಬಸಿಗಾಲುವೆ ಕಟ್ಟಿದರೆ ನೀರು ಸಿಕ್ಕ ಕಡೆ ನುಗ್ಗುತ್ತದೆ. ಅರ್ಥಿಂಗ್ ಸಡಿಲವಾದಾಗ ವಿದ್ಯುತ್ತೂ ಹಾಗೆಯೇ ಬೇರೆ ಬೇರೆ ದೀಪ, ಮಾಪಕಗಳ ದಾರಿ ಹಿಡಿಯುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ಒಟ್ಟಿಗೆ ಕಾಣಿಸಿಕೊಳ್ಳುವುದು ಈ ಕಾರಣದಿಂದ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6 ಮಾನದಂಡದ ವಾಹನಗಳಲ್ಲಿ ಒಂದು ವ್ಯತ್ಯಾಸವಿದೆ. ಇವುಗಳಲ್ಲಿ ಹಲವು ಸೆನ್ಸರುಗಳು ಮೊದಲು ಎಂಜಿನ್ನಿನ ಗಣಕ ಘಟಕಕ್ಕೆ ವರದಿ ಮಾಡುತ್ತವೆ. ಆ ಘಟಕವು ಡ್ಯಾಶ್‌ಬೋರ್ಡಿಗೆ ಸಂದೇಶ ಕಳುಹಿಸುತ್ತದೆ. ಆದ್ದರಿಂದ ತಂತಿಗಳನ್ನು ನೇರವಾಗಿ ಮೈಗೆ ತಾಗಿಸಿ ನೋಡುವ ಹಳೆಯ ಗ್ಯಾರೇಜು ಪದ್ಧತಿಯನ್ನು ಇವುಗಳ ಮೇಲೆ ಪ್ರಯೋಗಿಸತಕ್ಕದ್ದಲ್ಲ. ಗಣಕ ಘಟಕ ಸುಟ್ಟರೆ ನಷ್ಟ ಬಹಳ ದೊಡ್ಡದು.

6. ಮೊದಲ ಪ್ರಶ್ನೆ: ಎಲ್ಲವೂ ಕೆಟ್ಟಿವೆಯೇ, ಒಂದು ಮಾತ್ರವೇ?

ದೋಷ ಪತ್ತೆಯು ಈ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಎಲ್ಲ ಮಾಪಕಗಳೂ ದೀಪಗಳೂ ಒಮ್ಮೆಲೇ ನಿಂತಿದ್ದರೆ: ಅಷ್ಟೂ ಒಂದೇ ದಿನ ಕೆಡುವ ಸಂಭವ ಅತಿ ಕಡಿಮೆ. ಅವೆಲ್ಲಕ್ಕೂ ಸಮಾನವಾದ ದಾರಿಯಲ್ಲಿ ಅಡ್ಡಿ ಬಂದಿದೆ ಎಂದು ತಿಳಿಯಬೇಕು. ಫ್ಯೂಸ್, ಕೀಲಿಯ ಸ್ವಿಚ್ಚು, ಡ್ಯಾಶ್‌ಬೋರ್ಡಿನ ಹಿಂದಿನ ಸಾಕೆಟ್ಟು, ಅರ್ಥಿಂಗ್, ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಬೇಕು.

ಚಪ್ಪಟೆ ಫ್ಯೂಸಿನ ಬಣ್ಣವೇ ಅದರ ಸಾಮರ್ಥ್ಯವನ್ನು ಹೇಳುತ್ತದೆ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕತಕ್ಕದ್ದು. ಹೊಸ ಫ್ಯೂಸೂ ಸುಟ್ಟರೆ ತಂತಿ ಎಲ್ಲೋ ಮೈಗೆ ತಾಗಿ ಶಾರ್ಟ್ ಆಗಿದೆ ಎಂದರ್ಥ. ಆಗ ಹೆಚ್ಚಿನ ಆಂಪಿಯರಿನ ಫ್ಯೂಸನ್ನಾಗಲಿ, ತಾಮ್ರದ ತಂತಿಯ ಎಳೆಯನ್ನಾಗಲಿ ಹಾಕುವುದು ವಾಹನಕ್ಕೆ ಬೆಂಕಿ ಇಟ್ಟಂತೆ. ಒಣ ಕಸ, ಪ್ಲಾಸ್ಟಿಕ್ ತುಂಬಿದ ವಾಹನದಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ.

ಮಾಪಕಗಳು ವಿಚಿತ್ರವಾಗಿ ವರ್ತಿಸುತ್ತಿದ್ದರೆ: ಇಂಡಿಕೇಟರ್ ಹಾಕಿದಾಗ ಡೀಸೆಲ್ ಮುಳ್ಳು ಕುಣಿಯುವುದು, ಹೆಡ್‌ಲೈಟ್ ಹಾಕಿದಾಗ ಶಾಖದ ಮುಳ್ಳು ಏರುವುದು, ದೀಪಗಳು ಮಂಕಾಗಿ ಹೊತ್ತುವುದು, ಇವು ಅರ್ಥಿಂಗ್ ದೋಷದ ಸ್ಪಷ್ಟ ಲಕ್ಷಣಗಳು. ಇದನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬಹುದು. ಕೀಲಿ ಮತ್ತು ಹೆಡ್‌ಲೈಟ್ ಆನ್ ಇರುವಾಗ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಡ್ಯಾಶ್‌ಬೋರ್ಡಿನ ಅರ್ಥಿಂಗ್ ತಂತಿಯ ತುದಿಗೂ ಇಟ್ಟು ನೋಡಬೇಕು. 0.1 ರಿಂದ 0.2 ವೋಲ್ಟಿನ ಒಳಗಿದ್ದರೆ ದಾರಿ ಸರಿಯಾಗಿದೆ. ಅರ್ಧ ವೋಲ್ಟ್ ಅಥವಾ ಅದಕ್ಕೂ ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ತುಕ್ಕು ಮತ್ತು ಬಣ್ಣ ಉಜ್ಜಿ ತೆಗೆದು, ಬಿಗಿಯಾಗಿ ಕೂರಿಸಬೇಕು. ಹೊಸ ಬಿಡಿಭಾಗದ ಅಗತ್ಯ ಇಲ್ಲಿ ಅಪರೂಪ.

ಒಂದು ದೀಪ ಅಥವಾ ಒಂದು ಮಾಪಕ ಮಾತ್ರ ಕೆಟ್ಟಿದ್ದರೆ: ದೋಷವು ಅದರ ಸ್ವಂತ ದಾರಿಯಲ್ಲೇ ಇದೆ. ಬಲ್ಬು, ಆ ಮಾಪಕ, ಅದರ ತಂತಿ ಮತ್ತು ಅದರ ಸೆನ್ಸರ್, ಇಷ್ಟನ್ನೇ ಪರಿಶೀಲಿಸಿದರೆ ಸಾಕು.

7. ಪ್ರಮುಖ ದೀಪ ಮತ್ತು ಮಾಪಕಗಳು

7.1 ಆಯಿಲ್ ದೀಪ (ಎಣ್ಣೆಯ ಜಿಡ್ಡಿ ಚಿತ್ರ, ಕೆಂಪು)

ಈ ದೀಪವು ಆಯಿಲಿನ ಒತ್ತಡವನ್ನು ತಿಳಿಸುತ್ತದೆ, ಅದರ ಪ್ರಮಾಣವನ್ನಲ್ಲ. ಚಾಲನೆಯಲ್ಲಿ ಇದು ಹೊತ್ತಿದರೆ ತಕ್ಷಣ ಎಂಜಿನ್ ನಿಲ್ಲಿಸತಕ್ಕದ್ದು. ಒತ್ತಡವಿಲ್ಲದೆ ಎಂಜಿನ್ ಓಡಿದರೆ ಬೇರಿಂಗುಗಳು ಕೆಲವೇ ನಿಮಿಷಗಳಲ್ಲಿ ಸವೆದು ಎಂಜಿನ್ ಹಿಡಿದುಕೊಳ್ಳಬಹುದು.

ಮೊದಲ ಕೆಲಸವೆಂದರೆ ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡುವುದು. ಮಟ್ಟ ಸರಿ ಇದ್ದರೂ ದೀಪ ಹೊತ್ತಿದ್ದರೆ ಮಾತ್ರ ವಿದ್ಯುತ್ ದೋಷದ ವಿಚಾರ ಬರುತ್ತದೆ. ಹಳೆಯ ಮಾದರಿಯ ಒಂಟಿ ತಂತಿಯ ಸ್ವಿಚ್ಚು ಇರುವ ವಾಹನದಲ್ಲಿ ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ಆನ್ ಮಾಡಿ, ಎಂಜಿನ್ನಿನ ಪಕ್ಕದಲ್ಲಿರುವ ಆಯಿಲ್ ಸ್ವಿಚ್ಚಿನ ತಂತಿಯನ್ನು ಬಿಡಿಸುತ್ತಾನೆ. ಆಗಲೂ ದೀಪ ಹೊತ್ತೇ ಇದ್ದರೆ ತಂತಿಯೇ ಎಲ್ಲೋ ಮೈಗೆ ತಾಗಿದೆ. ದೀಪ ಆರಿದರೆ ತಂತಿ ಸರಿ ಇದೆ. ಸ್ವಿಚ್ಚು ಕೆಟ್ಟಿರಬಹುದು ಅಥವಾ ಒತ್ತಡವೇ ಇಲ್ಲದಿರಬಹುದು. ಇವೆರಡರಲ್ಲಿ ಯಾವುದೆಂದು ತಿಳಿಯಲು ಸ್ವಿಚ್ಚಿನ ಜಾಗಕ್ಕೆ ಒತ್ತಡದ ಗೇಜನ್ನು ಜೋಡಿಸಿ ಅಳೆಯಲೇಬೇಕು. ಅಳೆಯದೆ "ಸ್ವಿಚ್ಚೇ ಕೆಟ್ಟಿರಬೇಕು" ಎಂದು ವಾಹನವನ್ನು ರಸ್ತೆಗೆ ಕಳುಹಿಸುವುದು ಅತ್ಯಂತ ಅಪಾಯಕರ ಊಹೆ.

7.2 ಬ್ಯಾಟರಿ ದೀಪ (ಕೆಂಪು)

ಚಾಲನೆಯಲ್ಲಿ ಈ ದೀಪ ಹೊತ್ತಿದರೆ ಬ್ಯಾಟರಿ ಕೆಟ್ಟಿದೆ ಎಂದು ಅವಸರದಲ್ಲಿ ಹೊಸ ಬ್ಯಾಟರಿ ಖರೀದಿಸುವುದು ಸಾಮಾನ್ಯ. ಆದರೆ ಈ ದೀಪ ಮುಖ್ಯವಾಗಿ ಹೇಳುವುದು ಚಾರ್ಜಿಂಗ್ ಆಗುತ್ತಿಲ್ಲ ಎಂದು. ಆಲ್ಟರ್ನೇಟರ್, ಅದರ ಬೆಲ್ಟು ಮತ್ತು ತಂತಿಗಳನ್ನು ಮೊದಲು ನೋಡಬೇಕು. ಕೆಲವು ಎಂಜಿನ್ನುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ. ಅಂತಹ ವಾಹನದಲ್ಲಿ ಬೆಲ್ಟು ತುಂಡಾದರೆ ಬ್ಯಾಟರಿ ದೀಪ ಹೊತ್ತಿದ ಬೆನ್ನಲ್ಲೇ ಎಂಜಿನ್ ಕಾಯತೊಡಗುತ್ತದೆ. ಆದ್ದರಿಂದ ಈ ದೀಪ ಹೊತ್ತಿದಾಗ ಬಾನೆಟ್ ಅಥವಾ ಸೀಟಿನ ಅಡಿ ಇರುವ ಬೆಲ್ಟನ್ನು ಎಂಜಿನ್ ನಿಲ್ಲಿಸಿ ನೋಡುವ ತನಕ ಮುಂದೆ ಸಾಗತಕ್ಕದ್ದಲ್ಲ.

ಮಲ್ಟಿಮೀಟರಿನ ಮೂರು ಅಳತೆಗಳು ಬ್ಯಾಟರಿಯ ಸ್ಥಿತಿಯನ್ನು ಬಹುಮಟ್ಟಿಗೆ ತಿಳಿಸುತ್ತವೆ:
– ವಾಹನ ಕೆಲವು ಗಂಟೆ ನಿಂತ ಬಳಿಕ: ಪೂರ್ಣ ಚಾರ್ಜಾದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್. 12 ವೋಲ್ಟಿನ ಆಸುಪಾಸಿಗೆ ಇಳಿದಿದ್ದರೆ ಚಾರ್ಜು ಬಹಳ ಕಡಿಮೆಯಾಗಿದೆ.
– ಸ್ಟಾರ್ಟ್ ಮಾಡುವ ಕ್ಷಣದಲ್ಲಿ: ಸುಮಾರು 10 ವೋಲ್ಟಿಗಿಂತ ಬಹಳ ಕೆಳಗೆ ಕುಸಿಯಬಾರದು.
– ಎಂಜಿನ್ ಓಡುವಾಗ: ಸಾಮಾನ್ಯವಾಗಿ 13.8 ರಿಂದ 14.5 ವೋಲ್ಟ್. 13ಕ್ಕಿಂತ ಕೆಳಗೇ ನಿಂತಿದ್ದರೆ ಚಾರ್ಜಿಂಗ್ ಸಾಲದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಪದೇ ಪದೇ ಸುಡುವುದಕ್ಕೂ ಬ್ಯಾಟರಿ ನೀರು ಬೇಗ ಇಂಗುವುದಕ್ಕೂ ಇದೇ ಕಾರಣವಾಗಿರಬಹುದು.

ಹಳೆಯ ಕೆಲವು ವಾಹನಗಳಲ್ಲಿ ಆಲ್ಟರ್ನೇಟರ್ ಕೆಲಸ ಆರಂಭಿಸಲು ಬೇಕಾದ ಸಣ್ಣ ವಿದ್ಯುತ್ತು ಈ ದೀಪದ ಬಲ್ಬಿನ ಮೂಲಕವೇ ಹೋಗುತ್ತದೆ. ಅಲ್ಲಿ ಬಲ್ಬು ಸುಟ್ಟರೆ ಚಾರ್ಜಿಂಗೇ ನಿಲ್ಲಬಹುದು. ಒಂದು ಸಣ್ಣ ಬಲ್ಬಿನ ದೋಷಕ್ಕೆ ಹೊಸ ಆಲ್ಟರ್ನೇಟರಿನ ಬಿಲ್ಲು ಬಂದರೆ ಅಚ್ಚರಿಪಡಬೇಕಿಲ್ಲ; ಪ್ರಶ್ನಿಸಬೇಕು.

7.3 ಶಾಖದ ಮಾಪಕ

ಎಂಜಿನ್ನಿನ ನೀರಿನ ಶಾಖವನ್ನು ಅಳೆಯುವ ಸೆನ್ಸರಿನ ಪ್ರತಿರೋಧವು ಶಾಖ ಏರಿದಂತೆ ಇಳಿಯುತ್ತದೆ. ಹಾಗಾಗಿ ಹಳೆಯ ಮಾದರಿಗಳಲ್ಲಿ ತಂತಿ ಕಳಚಿದ್ದರೆ ಮುಳ್ಳು ಸದಾ ತಣ್ಣಗೆ ಇದೆ ಎನ್ನುತ್ತದೆ. ತಂತಿ ಮೈಗೆ ತಾಗಿದ್ದರೆ ತಣ್ಣನೆಯ ಎಂಜಿನ್ನಿನಲ್ಲೂ ಬಿಸಿ ಎಂದು ತೋರಿಸುತ್ತದೆ. ಬೆಳಿಗ್ಗೆ ಮೊದಲ ಸಲ ಕೀಲಿ ಆನ್ ಮಾಡಿದಾಗಲೇ ಮುಳ್ಳು ಮೇಲೆ ಹೋಗಿ ನಿಂತರೆ ಅದು ವಿದ್ಯುತ್ ದೋಷವೇ ಸರಿ. ರಾತ್ರಿಯಿಡೀ ನಿಂತ ಎಂಜಿನ್ ಕಾದಿರಲಾರದು.

ಇನ್ನೊಂದು ಅಂಶ ಗಮನಾರ್ಹ. ರೇಡಿಯೇಟರಿನ ನೀರು ಪೂರ್ತಿ ಸೋರಿಹೋದಾಗ ಸೆನ್ಸರ್ ನೀರಿನ ಸಂಪರ್ಕ ಕಳೆದುಕೊಂಡು ಶಾಖವನ್ನು ಕಡಿಮೆ ತೋರಿಸಬಹುದು. ಆದ್ದರಿಂದ ಮಾಪಕವನ್ನಷ್ಟೇ ನಂಬದೆ, ಎಂಜಿನ್ ತಣ್ಣಗಿರುವಾಗ ನೀರಿನ ಮಟ್ಟವನ್ನು ಕಣ್ಣಾರೆ ನೋಡಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು.

7.4 ಇಂಧನ ಮಾಪಕ

ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದು ಇಂಧನದೊಡನೆ ಏರಿಳಿಯುತ್ತದೆ. ಅದಕ್ಕೆ ಜೋಡಿಸಿದ ತೋಳು ಪ್ರತಿರೋಧದ ಪಟ್ಟಿಯ ಮೇಲೆ ಜಾರುತ್ತದೆ. ವರ್ಷಗಟ್ಟಲೆ ಜಾರಿ ಆ ಪಟ್ಟಿ ಒಂದೆರಡು ಕಡೆ ಸವೆದರೆ, ಮುಳ್ಳು ನಿರ್ದಿಷ್ಟ ಮಟ್ಟದಲ್ಲಿ ಮಾತ್ರ ತಟ್ಟನೆ ಬೀಳುತ್ತದೆ ಅಥವಾ ನಡುಗುತ್ತದೆ. ಬುರುಡೆಗೆ ಇಂಧನ ಸೇರಿ ಮುಳುಗಿದರೆ ಟ್ಯಾಂಕು ತುಂಬಿದ್ದರೂ ಖಾಲಿ ಎಂದೇ ತೋರಿಸುತ್ತದೆ. ಟ್ಯಾಂಕಿನ ಬಳಿಯ ಅರ್ಥಿಂಗ್ ತುಕ್ಕು ಹಿಡಿದರೆ ಅಳತೆಯೇ ತಪ್ಪುತ್ತದೆ. ಮೂರನೆಯದನ್ನು ನೋಡದೆ ಮೊದಲೆರಡಕ್ಕಾಗಿ ಟ್ಯಾಂಕು ಇಳಿಸುವುದು ವ್ಯರ್ಥ ಶ್ರಮ. ಟ್ಯಾಂಕಿನ ಬಳಿ ತಂತಿಗಳನ್ನು ತಾಗಿಸಿ ಕಿಡಿ ಹಾರಿಸುವ ಪರೀಕ್ಷೆಯನ್ನು ಯಾರೂ ಮಾಡತಕ್ಕದ್ದಲ್ಲ.

ಇಂಧನದ ಮುಳ್ಳು ಮತ್ತು ಶಾಖದ ಮುಳ್ಳು ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ, ಎರಡು ಸೆನ್ಸರುಗಳನ್ನು ಬದಲಿಸುವ ಮುನ್ನ ಎರಡಕ್ಕೂ ಸಮಾನವಾದ ವಿದ್ಯುತ್ ಪೂರೈಕೆಯನ್ನೂ ಅರ್ಥಿಂಗನ್ನೂ ನೋಡಬೇಕು.

7.5 ಬ್ರೇಕ್ ದೀಪ

ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಹೊತ್ತಿದ್ದರೆ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವನ್ನು ನೋಡಬೇಕು. ಮಟ್ಟ ಇಳಿದಿದ್ದರೆ ಸೋರಿಕೆ ಇದೆ ಅಥವಾ ಬ್ರೇಕ್ ಸವೆದಿದೆ. ಆಯಿಲ್ ತುಂಬಿಸಿ ದೀಪ ಆರಿಸಿಕೊಂಡು ಹೋಗುವುದು ಪರಿಹಾರವಲ್ಲ. ಮಟ್ಟ ಸರಿ ಇದ್ದು, ಪೆಡಲ್ ಗಟ್ಟಿಯಾಗಿದ್ದರೆ ಹ್ಯಾಂಡ್ ಬ್ರೇಕಿನ ಬುಡದ ಸ್ವಿಚ್ಚು ಅಥವಾ ಡಬ್ಬಿಯ ಸ್ವಿಚ್ಚಿನಲ್ಲಿ ದೋಷವಿರಬಹುದು. ಇದನ್ನು ಮೆಕ್ಯಾನಿಕ್ ಖಚಿತಪಡಿಸುವ ತನಕ ಮಕ್ಕಳು ಓಡಾಡುವ ಬೀದಿಗೆ ವಾಹನವನ್ನು ಕಳುಹಿಸತಕ್ಕದ್ದಲ್ಲ.

7.6 ಎಂಜಿನ್ ಚಿತ್ರದ ದೀಪ (ಹಳದಿ)

ಇದು ಹೊತ್ತಿದಾಗ ಗಣಕ ಘಟಕದಲ್ಲಿ ದೋಷದ ಸಂಕೇತ ಸಂಖ್ಯೆ ದಾಖಲಾಗಿರುತ್ತದೆ. ಸ್ಟೇರಿಂಗಿನ ಕೆಳಭಾಗದಲ್ಲಿ ಸಾಮಾನ್ಯವಾಗಿ ಇರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಅದನ್ನು ಓದಬಹುದು. ಆದರೆ ಸಂಕೇತವು ದೋಷದ ದಾರಿಯನ್ನು ತೋರಿಸುತ್ತದೆಯೇ ಹೊರತು ಯಾವ ಬಿಡಿಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. ಒಂದು ಸೆನ್ಸರಿನ ಹೆಸರು ಬಂದಿದೆ ಎಂದರೆ ಆ ಸೆನ್ಸರ್, ಅದರ ತಂತಿ, ಸಾಕೆಟ್ಟು ಈ ಮೂರರಲ್ಲಿ ಒಂದು ಎಂದು ಓದಿಕೊಳ್ಳಬೇಕು. ಪೆಟ್ರೋಲ್ ಅಥವಾ ಸಿ.ಎನ್.ಜಿ. ವಾಹನದಲ್ಲಿ ದೀಪ ಮಿನುಗುತ್ತಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿಲ್ಲ. ವೇಗ ತಗ್ಗಿಸಿ ಬೇಗನೆ ನಿಲ್ಲಿಸಬೇಕು.

8. ಕಸದ ವಾಹನಕ್ಕೇ ಬರುವ ವಿಶೇಷ ದೋಷಗಳು

ಸ್ವಚ್ಛ ವಾಹಿನಿಯ ದುಡಿಮೆ ಬೇರೆ ವಾಹನಗಳಂತಲ್ಲ. ಅದರ ವಿದ್ಯುತ್ ದೋಷಗಳಿಗೆ ನಾಲ್ಕು ಕಾರಣಗಳು ಎದ್ದು ಕಾಣುತ್ತವೆ.

ಮೊದಲನೆಯದು ಹಸಿ ಕಸದಿಂದ ಸೋರುವ ನೀರು. ಅದರಲ್ಲಿರುವ ಹುಳಿ ಮತ್ತು ಉಪ್ಪಿನಂಶವು ತಂತಿಯ ತುದಿಗಳಲ್ಲಿ ಹಸಿರು ಕಿಲುಬು ಹಿಡಿಸುತ್ತದೆ. ಎರಡನೆಯದು ಪೈಪಿನ ರಭಸದ ನೀರಿನಲ್ಲಿ ತೊಳೆಯುವುದು. ಡ್ಯಾಶ್‌ಬೋರ್ಡ್, ಫ್ಯೂಸ್ ಪೆಟ್ಟಿಗೆ, ಎಂಜಿನ್ನಿನ ಸಾಕೆಟ್ಟುಗಳಿಗೆ ನೀರು ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂರನೆಯದು ಇಲಿ. ಕಸ ಉಳಿದ ವಾಹನವನ್ನು ರಾತ್ರಿ ನಿಲ್ಲಿಸಿದರೆ ಇಲಿಗಳು ಬಂದು ತಂತಿಯ ಹೊದಿಕೆಯನ್ನು ಕಡಿಯುತ್ತವೆ. ಸಂಜೆಯೇ ವಾಹನವನ್ನು ಖಾಲಿ ಮಾಡುವುದು ಸ್ವಚ್ಛತೆಗೂ ತಂತಿಯ ರಕ್ಷಣೆಗೂ ಅಗತ್ಯ.

ನಾಲ್ಕನೆಯದು ನಾವೇ ಮಾಡಿಸುವ ಜೋಡಣೆ. ಕಸದ ವಾಹನದ ಹಾಡು, ಪ್ರಕಟಣೆಗಳಿಗಾಗಿ ಧ್ವನಿವರ್ಧಕ ಅಳವಡಿಸುವಾಗ ಕೈಗೆ ಸಿಕ್ಕ ಡ್ಯಾಶ್‌ಬೋರ್ಡಿನ ತಂತಿಯನ್ನು ಸುಲಿದು ಸುತ್ತಿ ಟೇಪು ಹಾಕುವ ರೂಢಿಯಿದೆ. ಇದರಿಂದ ಮಾಪಕಗಳ ಫ್ಯೂಸಿನ ಮೇಲೆ ಹೊರೆ ಬೀಳುತ್ತದೆ; ಸುತ್ತಿದ ಜಾಗ ಬಿಸಿಯಾಗಿ ಸಡಿಲವಾಗುತ್ತದೆ. ಧ್ವನಿವರ್ಧಕಕ್ಕೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ, ಪ್ರತ್ಯೇಕ ಫ್ಯೂಸ್ ಮತ್ತು ಸ್ವಿಚ್ಚು ಇರತಕ್ಕದ್ದು. ರಾತ್ರಿ ಅದನ್ನು ಆಫ್ ಮಾಡದಿದ್ದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ.

ವಿದ್ಯುತ್ ಚಾಲಿತ ವಾಹನ ಹೊಂದಿರುವ ಪಂಚಾಯತಿಗಳು ಒಂದು ಎಚ್ಚರಿಕೆಯನ್ನು ಪಾಲಿಸಬೇಕು. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ಪ್ರಾಣಾಪಾಯದ ವೋಲ್ಟೇಜು ಹರಿಯುತ್ತದೆ. ಅವುಗಳನ್ನು ತರಬೇತಿ ಪಡೆದ ತಂತ್ರಜ್ಞರಲ್ಲದೆ ಬೇರೆ ಯಾರೂ ಮುಟ್ಟತಕ್ಕದ್ದಲ್ಲ.

9. ಎರಡು ಪ್ರಸಂಗಗಳು

ಪಾಠಕ್ಕಾಗಿ ಕಲ್ಪಿಸಿಕೊಂಡ ಎರಡು ಪ್ರಸಂಗಗಳನ್ನು ಇಲ್ಲಿ ನೀಡಲಾಗಿದೆ. ಸದಸ್ಯರು ತಮ್ಮ ಪಂಚಾಯತಿಯ ಅನುಭವದೊಡನೆ ಹೋಲಿಸಿ ನೋಡಬಹುದು.

ಪ್ರಸಂಗ ಒಂದು: ಇಂಡಿಕೇಟರ್ ಹಾಕಿದಾಗಲೆಲ್ಲ ಡೀಸೆಲ್ ಮುಳ್ಳು ಕುಣಿಯುತ್ತದೆ ಎಂದು ಚಾಲಕಿ ವರದಿ ಮಾಡುತ್ತಾರೆ. ಗ್ಯಾರೇಜಿನವರು ಇಡೀ ಮೀಟರ್ ಪೆಟ್ಟಿಗೆಯನ್ನೇ ಬದಲಿಸಬೇಕು ಎನ್ನುತ್ತಾರೆ. ಹೊಸದನ್ನು ಹಾಕಿದ ಮೇಲೂ ಮುಳ್ಳು ಕುಣಿಯುತ್ತಲೇ ಇದೆ. ಕೊನೆಗೆ ಬೇರೊಬ್ಬ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿನ ಅಡಿ ತುಕ್ಕು ಹಿಡಿದ ಒಂದು ಬೋಲ್ಟನ್ನು ಉಜ್ಜಿ ಬಿಗಿ ಮಾಡುತ್ತಾನೆ, ಮುಳ್ಳು ನಿಲ್ಲುತ್ತದೆ. ಮೀಟರ್ ಪೆಟ್ಟಿಗೆಯ ಸಾವಿರಾರು ರೂಪಾಯಿ ಹಿಂತಿರುಗುವುದಿಲ್ಲ. ಜೊತೆಗೆ ಹಳೆಯ ಪೆಟ್ಟಿಗೆಯಲ್ಲಿದ್ದ ಕಿಲೋಮೀಟರ್ ಓದು ಹೊಸದರಲ್ಲಿ ಇಲ್ಲ; ಬದಲಿಸಿದ ದಿನದ ಓದನ್ನು ಯಾರೂ ಬರೆದಿಟ್ಟಿಲ್ಲ. ಲೆಕ್ಕಪರಿಶೋಧನೆಯ ಸಮಯದಲ್ಲಿ ಡೀಸೆಲ್ ಖರ್ಚಿಗೆ ಸಮರ್ಥನೆ ಇಲ್ಲದಂತಾಗುತ್ತದೆ.

ಪ್ರಸಂಗ ಎರಡು: ಬೆಳಿಗ್ಗೆ ಆಯಿಲ್ ದೀಪ ಆರುತ್ತಿಲ್ಲ ಎಂದು ಚಾಲಕಿ ಕಚೇರಿಗೆ ತಿಳಿಸುತ್ತಾರೆ. "ಜಾತ್ರೆ ಹತ್ತಿರ ಬಂತು, ಇವತ್ತೊಂದು ದಿನ ಹೋಗಿ ಬನ್ನಿ ಅಕ್ಕಾ, ನಾಳೆ ತೋರಿಸೋಣ" ಎಂಬ ಉತ್ತರ ಬರುತ್ತದೆ. ಅವರು ಒಲ್ಲದ ಮನಸ್ಸಿನಿಂದ ಹೊರಡುತ್ತಾರೆ. ಮೂರನೆಯ ಬೀದಿಯಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ಸಭೆಯಲ್ಲಿ ಕೇಳಿಬರುವ ಮೊದಲ ಮಾತು: "ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹೀಗೇ." ಆಕೆ ಹೇಳಿದ್ದಕ್ಕೆ ಲಿಖಿತ ದಾಖಲೆ ಇಲ್ಲ. ವಾಹನ ದೋಷವನ್ನು ತಿಳಿಸಿತ್ತು, ಚಾಲಕಿಯೂ ತಿಳಿಸಿದ್ದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ, ಹೊಣೆ ಮಾತ್ರ ಆಕೆಯ ಹೆಗಲಿಗೆ ಬಿತ್ತು.

ಎರಡನೆಯ ಪ್ರಸಂಗದಲ್ಲಿ ಕೆಟ್ಟದ್ದು ಎಂಜಿನ್ ಒಂದೇ ಅಲ್ಲ. ಕೆಂಪು ದೀಪ ಹೊತ್ತಿದ ವಾಹನವನ್ನು ಹೊರಡಿಸಲು ನಿರಾಕರಿಸುವ ಅಧಿಕಾರ ಚಾಲಕಿಗೆ ಇರಬೇಕು. ಈ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.

10. ಲಾಗ್ ಪುಸ್ತಕ ಮತ್ತು ದುರಸ್ತಿ ಬಿಲ್ಲು

ಓಡಿದ ಕಿಲೋಮೀಟರ್ ತೋರಿಸುವ ಮಾಪಕ ನಿಂತರೆ ಡೀಸೆಲ್ ಲೆಕ್ಕವು ಊಹೆಯಾಗುತ್ತದೆ. ಆದ್ದರಿಂದ ಇದನ್ನು ಸಣ್ಣ ದೋಷವೆಂದು ಮುಂದೂಡತಕ್ಕದ್ದಲ್ಲ. ಹಳೆಯ ವಾಹನಗಳಲ್ಲಿ ಗೇರ್ ಪೆಟ್ಟಿಗೆಯಿಂದ ಬರುವ ಕೇಬಲ್ ತುಂಡಾಗಿರುವುದು, ನಂತರದವುಗಳಲ್ಲಿ ವೇಗದ ಸೆನ್ಸರ್ ಅಥವಾ ಅದರ ಸಾಕೆಟ್ಟು ಕೊಳೆಯಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಮೀಟರ್ ಪೆಟ್ಟಿಗೆ ಬದಲಿಸಲೇಬೇಕಾದರೆ ಹಳೆಯ ಓದು, ಹೊಸ ಓದು ಮತ್ತು ದಿನಾಂಕವನ್ನು ಲಾಗ್ ಪುಸ್ತಕದಲ್ಲಿ ಬರೆದು, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಸಹಿ ಪಡೆದು, ಹಳೆಯ ಪೆಟ್ಟಿಗೆಯ ಛಾಯಾಚಿತ್ರವನ್ನು ಕಡತದಲ್ಲಿ ಇಡುವುದು ಒಳ್ಳೆಯ ಪದ್ಧತಿ.

ವಿದ್ಯುತ್ ದುರಸ್ತಿಯ ಬಿಲ್ಲು ಸಭೆಗೆ ಬಂದಾಗ ಸದಸ್ಯರು ಈ ಆರು ಪ್ರಶ್ನೆಗಳನ್ನು ಕೇಳಬಹುದು:

1) ಚಾಲಕರು ಮೊದಲು ಕಂಡ ಲಕ್ಷಣವೇನು? ಅದು ಲಾಗ್ ಪುಸ್ತಕದಲ್ಲಿ ಬರೆದಿದೆಯೇ?
2) ಬದಲಿಸುವ ಮುನ್ನ ಫ್ಯೂಸ್, ಸಾಕೆಟ್ಟು, ಅರ್ಥಿಂಗ್ ಪರೀಕ್ಷಿಸಲಾಯಿತೇ?
3) ಅಳತೆ ಮಾಡಲಾಯಿತೇ? ಎಷ್ಟು ವೋಲ್ಟ್ ಬಂತು?
4) ಸ್ಕ್ಯಾನರಿನಲ್ಲಿ ಸಂಕೇತ ಬಂದಿದ್ದರೆ ಅದರ ಪ್ರತಿ ಎಲ್ಲಿದೆ?
5) ತೆಗೆದ ಹಳೆಯ ಬಿಡಿಭಾಗವನ್ನು ಪಂಚಾಯತಿಗೆ ಮರಳಿಸಲಾಗಿದೆಯೇ?
6) ವಾಹನ ಅಥವಾ ಬಿಡಿಭಾಗ ವಾರಂಟಿ ಅವಧಿಯಲ್ಲಿ ಇದೆಯೇ?

ಈ ಪ್ರಶ್ನೆಗಳು ಯಾರ ಮೇಲೂ ಅನುಮಾನದಿಂದ ಕೇಳುವವಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡಿದ ಮೆಕ್ಯಾನಿಕ್ ಇವಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾನೆ.

11. ಸಾರಾಂಶ

ಕೀಲಿ ತಿರುಗಿಸಿದಾಗ ದೀಪ ಹೊತ್ತಬೇಕು, ಸ್ಟಾರ್ಟ್ ಆದಾಗ ಆರಬೇಕು. ಕೆಂಪು ದೀಪವನ್ನು ನಿಜವೆಂದೇ ನಂಬಿ ವಾಹನ ನಿಲ್ಲಿಸಿ, ಆಮೇಲೆ ತಂತಿಯನ್ನು ಸಂಶಯಿಸಬೇಕು. ಹಲವು ದೋಷಗಳು ಒಟ್ಟಿಗೆ ಬಂದರೆ ಸಮಾನವಾದ ದಾರಿಯನ್ನು, ಒಂದೇ ಬಂದರೆ ಅದರ ಸ್ವಂತ ದಾರಿಯನ್ನು ನೋಡಬೇಕು. ಅಳೆಯದೆ ಏನನ್ನೂ ಬದಲಿಸಬಾರದು. ಚಾಲಕಿ ಹೇಳಿದ್ದನ್ನು ಆ ದಿನವೇ ಬರೆದಿಡಬೇಕು.

12. ಅಭ್ಯಾಸ

ಮುಂದಿನ ಸಭೆಯ ಮೊದಲು ಸದಸ್ಯರು ತಮ್ಮ ಪಂಚಾಯತಿಯ ವಾಹನದ ಬಳಿಗೆ ಹೋಗಿ, ಚಾಲಕಿಯ ಜೊತೆಯಲ್ಲಿ ಈ ಕೆಳಗಿನವನ್ನು ನೋಡಿ ಬರುವುದು:

ಅ) ಕೀಲಿ ಆನ್ ಮಾಡಿದಾಗ ಯಾವ ಯಾವ ದೀಪ ಹೊತ್ತಿದವು? ಹೊತ್ತಬೇಕಿದ್ದ ಯಾವುದು ಹೊತ್ತಲಿಲ್ಲ?
ಆ) ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯೂಸಿನ ಬದಲು ತಂತಿ ಸುತ್ತಿದ ಜಾಗ ಇದೆಯೇ?
ಇ) ಧ್ವನಿವರ್ಧಕದ ತಂತಿ ಎಲ್ಲಿಂದ ಬಂದಿದೆ? ಅದಕ್ಕೆ ಪ್ರತ್ಯೇಕ ಫ್ಯೂಸ್ ಇದೆಯೇ?
ಈ) ಇಂದಿನ ಕಿಲೋಮೀಟರ್ ಓದು ಲಾಗ್ ಪುಸ್ತಕದ ಓದಿಗೆ ಹೊಂದುತ್ತದೆಯೇ?
ಉ) ಕಳೆದ ಮೂರು ತಿಂಗಳಲ್ಲಿ ಚಾಲಕಿ ತಿಳಿಸಿದ ದೋಷಗಳು ಎಷ್ಟು, ಬರೆದಿಟ್ಟವು ಎಷ್ಟು?

ಕೊನೆಯ ಪ್ರಶ್ನೆಯ ಎರಡು ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ದುರಸ್ತಿ ಅಲ್ಲಿಂದಲೇ ಆರಂಭವಾಗಲಿ.